ನಾನು ಹಸಿರಾದದ್ದು

ಮನುಷ್ಯ ಬಾಯಲ್ಲಿ ಏನು ಬೇಕಾದರೂ ಹೇಳುತ್ತಾನೆ, ನಂಬಬೇಕಾದದ್ದು ಸ್ಟಿಕ್ಕರನ್ನು. ಪಿಂಗಾಣಿ ಕಾರ್ಖಾನೆಯ ಚೆಕಿಂಗ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕೂತು ನಾನು ಕಲಿತದ್ದು ಇದೊಂದೇ ಪಾಠ. ಆ ಪಾಠವೇ ನನ್ನನ್ನು ಹಾಳು ಮಾಡಿತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಬೀದಿಯವರು ಅಳುತ್ತಿದ್ದಾರೆ, ನೀವಾದರೂ ನಗಿ.

ನಮ್ಮ ಕೆಲಸ ಇಷ್ಟೇ. ಭಟ್ಟಿಯಿಂದ ಬಂದ ಟೀ ಕಪ್ಪನ್ನು ದೀಪಕ್ಕೆ ಹಿಡಿಯಬೇಕು, ಒಂದು ಸುತ್ತು ತಿರುಗಿಸಬೇಕು, ಬೆರಳ ಗೆಣ್ಣಿನಿಂದ ತಟ್ಟಬೇಕು. ಠಣ್ ಎಂದರೆ ಒಳ್ಳೆಯದು, ಠಪ್ ಎಂದರೆ ಎಲ್ಲೋ ಸೀಳಿದೆ. ಆಮೇಲೆ ತಳಕ್ಕೆ ಒಂದು ದುಂಡನೆಯ ಸ್ಟಿಕ್ಕರ್. ಹಸಿರಾದರೆ ಅಂಗಡಿಗೆ. ಹಳದಿಯಾದರೆ ಎರಡನೇ ದರ್ಜೆ, ಗೇಟಿನ ಹತ್ತಿರ ಅಗ್ಗಕ್ಕೆ ಹೋಗುತ್ತದೆ. ಕೆಂಪಾದರೆ ಹಿತ್ತಲಿನ ಗುಂಡಿಗೆ. ಸಂಜೆ ಐದಕ್ಕೆ ಕೆಂಪಿನವನ್ನೆಲ್ಲ ಗುಂಡಿಗೆ ಸುರಿದು ಸುತ್ತಿಗೆಯಿಂದ ಪುಡಿ ಮಾಡುತ್ತಾರೆ.

ಕಪ್ಪು ಮಾಡಿದವನು ಒಮ್ಮೊಮ್ಮೆ ಬಾಗಿಲಲ್ಲಿ ನಿಂತು ಆಸೆಯಿಂದ ನೋಡುತ್ತಿರುತ್ತಾನೆ. ಅವನೆದುರು ಹೇಗೆ ಒರಟಾಗಿ ಹೇಳುವುದು? "ಏನು ಹೊಳಪು ಕಣಯ್ಯಾ! ಏನು ಕೈಚಳಕ! ಹೀಗಿರಬೇಕು ಕಪ್ಪು ಅಂದ್ರೆ" ಎನ್ನುತ್ತಲೇ ತಳಕ್ಕೆ ಕೆಂಪು ಅಂಟಿಸುತ್ತೇವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ನಾನು. ದೊಣ್ಣೆಯಾದರೂ ಮರ್ಯಾದಸ್ಥ ದೊಣ್ಣೆ.

ರೂಮಿನಲ್ಲಿ ನಾವು ಮೂವರು. ನಾನು, ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳದೆ ಒಂದು ದಿನವೂ ಒಳಗೆ ಬರಲಾರದ ಉದ್ದಣ್ಣ, ಮತ್ತು ಎಲ್ಲರಿಗೂ ಹಿರಿಯಳಾದ ಕನ್ನಡಕದಕ್ಕ. ಹೀಗೆ ನಾವು ಸುಖವಾಗಿರುವಾಗ ಒಂದು ದಿನ ಪ್ಲಾಸ್ಟಿಕ್ ಸುತ್ತಿದ ಯಂತ್ರವೊಂದು ಬಂದು ವರಾಂಡದಲ್ಲಿ ಕೂತಿತು. ಅದಕ್ಕೆ ಆರು ಕ್ಯಾಮರಾ. ನಾವು ಮೂವರು ಒಂದು ದಿನಕ್ಕೆ ನೋಡುವ ಕಪ್ಪುಗಳನ್ನು ಅದು ನಾವು ಕೈ ತೊಳೆದುಕೊಂಡು ಬರುವಷ್ಟರಲ್ಲಿ ನೋಡಿ ಮುಗಿಸುತ್ತದಂತೆ.

ಮ್ಯಾನೇಜರು ನಮ್ಮನ್ನು ಕರೆದು ಹೇಳಿದರು. "ಹೆದರಬೇಡಿ. ಗೇಟಿನ ಮುಂದೆ ಹೊಸ ಶೋರೂಮು ಆಗ್ತಿದೆ. ನಿಮ್ಮಲ್ಲಿ ಇಬ್ಬರಿಗೆ ಅಲ್ಲಿ ಖಂಡಿತ ಜಾಗ ಇದೆ."

"ಮೂರನೆಯವರಿಗೆ ಸಾರ್?" ಎಂದಳು ಕನ್ನಡಕದಕ್ಕ.

"ನೋಡೋಣ" ಎಂದರು ಮ್ಯಾನೇಜರು. ನೋಡೋಣ ಎಂದರೆ ಏನೆಂದು ಸಂಬಳಕ್ಕಿರುವ ಯಾವ ಮನುಷ್ಯನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಕೆಲಸಕ್ಕಿಂತ ಹೆಚ್ಚಿನ ಚಿಂತೆ ಮನೆಯದು. ನಾವಿರುವುದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಕೆಲಸ ಹೋದರೆ ಮೂವತ್ತು ದಿನದೊಳಗೆ ಬೀಗದಕೈ ಕೊಡಬೇಕು. ಆ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಹನ್ನೊಂದು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಾಳೆ. ಮೊದಲ ವರ್ಷ ದಿಂಬಿನ ಕವರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಈಗ ಕ್ವಾರ್ಟರ್ಸಿನ ನಾಲ್ಕು ಸಾಲು ಮನೆಗಳ ಹೆಂಗಸರೂ ಅವಳ ಗಿರಾಕಿಗಳೇ, ಯಾರ ಭುಜ ಎಷ್ಟು, ಯಾರ ಸೊಂಟ ಹೋದ ವರ್ಷಕ್ಕಿಂತ ಎಷ್ಟು ಎಂದು ಅವಳಿಗೆ ಬಾಯಿಪಾಠ. ನನಗೇನೋ ಇನ್ನೊಂದು ಕಡೆ ತಲೆಯ ಮೇಲೊಂದು ಸೂರು ಸಿಕ್ಕೀತು. ಅವಳಿಗೆ ಈ ನಾಲ್ಕು ಸಾಲು ಇನ್ನೆಲ್ಲಿ ಸಿಗಬೇಕು?

ಮುಂದಿನ ಸೋಮವಾರ ಬಣ್ಣದ ಮೇಡಂ ಬಂದರು. ಯಾರಿಗೆ ಯಾವ ಬಣ್ಣದ ಬಟ್ಟೆ, ಯಾವ ಪೌಡರು ಒಪ್ಪುತ್ತದೆಂದು ಕಂಡುಹಿಡಿಯುವುದೇ ಅವರ ಉದ್ಯೋಗ. ಶೋರೂಮಿನಲ್ಲಿ ಜನರ ಮುಂದೆ ನಿಲ್ಲುವವರು ಕಣ್ಣಿಗೆ ಹಿತವಾಗಿರಬೇಕಲ್ಲ. ಚೆಕಿಂಗ್ ರೂಮಿನಲ್ಲಿ ಬೆಳಕು ಚೆನ್ನಾಗಿದೆ ಎಂದು ಅಲ್ಲೇ ಪರೀಕ್ಷೆ ಇಟ್ಟರು. ಹತ್ತೊಂಬತ್ತು ವರ್ಷ ಕಪ್ಪು ಹಿಡಿದ ಅದೇ ದೀಪದ ಕೆಳಗೆ ನನ್ನನ್ನೇ ಕೂರಿಸಿದರು.

"ಗಲ್ಲ ಎತ್ತಿ. ಇನ್ನೂ ಸ್ವಲ್ಪ. ಮುಖ ಗಂಟು ಹಾಕ್ಕೋಬೇಡಿ, ನಾನೇನು ಹಲ್ಲು ಕೀಳೋಕೆ ಬಂದಿಲ್ಲ" ಎಂದು ಒಂದೊಂದೇ ಬಟ್ಟೆಯನ್ನು ನನ್ನ ಗಲ್ಲದ ಕೆಳಗೆ ಹರವುತ್ತಾ ಹೋದರು. ನೀಲಿಗೆ ಮೂಗು ಮುರಿದರು. ಬೂದಿಬಣ್ಣಕ್ಕೆ ತಲೆಯಾಡಿಸಿದರು. ಹಸಿರು ಹರವಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯಯ್ಯೋ, ಬೇಡಪ್ಪಾ! ಹಸಿರು ನಿಮ್ಮ ಹತ್ರ ಸುಳೀಬಾರದು. ಆಸ್ಪತ್ರೆಯಿಂದ ಎತ್ಕೊಂಡು ಬಂದ ಹಾಗೆ ಕಾಣ್ತೀರಿ."

ಕೊನೆಗೆ ಕಡುಗೆಂಪು. "ಆಹಾ! ನೋಡಿ, ನೋಡಿ, ಮುಖಕ್ಕೆ ಹೇಗೆ ಜೀವ ಬಂತು! ಏನು ಕಳೆ! ಹೀಗಿರಬೇಕು ಮುಖ ಅಂದ್ರೆ."

ನಾನು ಕೂತಲ್ಲೇ ನೆಟ್ಟಗಾದೆ. ಇದು ನನ್ನದೇ ಮಾತು. ಕೆಂಪು ಅಂಟಿಸುವಾಗ ಕಪ್ಪು ಮಾಡಿದವನೆದುರು ನಾನು ಹೇಳುವ ಮಾತು. ಅಷ್ಟರಲ್ಲಿ ಮೇಡಂ ಕೈಚೀಲದಲ್ಲಿ ಏನನ್ನೋ ತಡಕಾಡಿ, "ಥತ್, ನನ್ನ ಬಣ್ಣದ ಚೀಟಿ ಮನೇಲೇ ಉಳೀತು. ಇವೇ ಇವೆಯಲ್ಲ, ಸಾಕು" ಎಂದು ನಮ್ಮ ಮೇಜಿನ ಮೇಲಿದ್ದ ಸ್ಟಿಕ್ಕರ್ ಸುರುಳಿಗೆ ಕೈಹಾಕಿ, ಒಂದು ಕೆಂಪು ಕಿತ್ತು, ನನಗೆಂದು ತೆಗೆದ ಖಾಲಿ ಕಾರ್ಡಿಗೆ ಅಂಟಿಸಿ, ಹೆಬ್ಬೆರಳಿಂದ ಒತ್ತಿದರು. ಒತ್ತುವುದೂ ನಮ್ಮ ಹಾಗೇ. ಜೊತೆಗೆ ಒಂದು ಪೌಡರ್ ಪೊಟ್ಟಣ ಕೊಟ್ಟು, "ಹೆಸರು ನೀವೇ ಬರ್ಕೊಳ್ಳಿ. ಮೂರು ವಾರ ಇದೇ ಬಣ್ಣ, ಇದೇ ಪೌಡರು ಅಭ್ಯಾಸ ಮಾಡಿ. ಆಮೇಲೆ ಮ್ಯಾನೇಜರ್ ನೋಡ್ತಾರೆ" ಎಂದರು.

ಕನ್ನಡಕದಕ್ಕನಿಗೆ ಹಳದಿ ಬಂತು. ಅವಳು ಕಾರ್ಡನ್ನು ಮೂಗಿನ ತುದಿಗೆ ಹಿಡಿದು ನೋಡಿ, "ಎರಡನೇ ದರ್ಜೆ. ನಮ್ಮತ್ತೆ ಮೂವತ್ತು ವರ್ಷದಿಂದ ಬಾಯಲ್ಲಿ ಹೇಳ್ತಿದ್ರು, ಈಗ ಸೀಲು ಬಿತ್ತು" ಎಂದಳು. ಉದ್ದಣ್ಣನಿಗೆ ಹಸಿರು. ಅವನು ತಲೆ ಮೇಲೆ ಕೈಹೊತ್ತು ಕೂತ.

"ನಿನಗೇನು ಬಂತು ದಾಡಿ? ಹಸಿರು ಬಂದಿದೆ, ಬದುಕಿದೆ" ಎಂದೆ.

"ಬದುಕಿದ್ದೇ ಕಷ್ಟ ಆಗಿರೋದು! ನನಗೆ ಈ ಕೆಲಸ ಸಾಕಾಗಿದೆ. ಕೆರೆ ದಂಡೇಲಿ ಕೂತು ಮೀನು ಹಿಡೀಬೇಕು. ನಾನೇ ಬಿಟ್ರೆ ಹೆಂಡತಿ ಮನೆಗೆ ಸೇರಿಸಲ್ಲ. ಅವರೇ ತೆಗೆದ್ರೆ 'ಪಾಪ' ಅಂತಾಳೆ. ಆ 'ಪಾಪ'ಕ್ಕೋಸ್ಕರ ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ?"

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಕಾರ್ಡಿನ ಮೇಲೆ ಹೆಸರಿನ್ನೂ ಬಿದ್ದಿರಲಿಲ್ಲ. ನಾನು ಸುತ್ತ ನೋಡಿ ನನ್ನ ಕೆಂಪನ್ನೂ ಪೌಡರನ್ನೂ ಅವನ ಕಡೆ ತಳ್ಳಿದೆ. ಅವನು ತನ್ನ ಹಸಿರನ್ನೂ ಪೌಡರನ್ನೂ ನನ್ನ ಕಡೆ ತಳ್ಳಿ ನನ್ನ ಎರಡೂ ಕೈ ಹಿಡಿದುಕೊಂಡ. ಇಬ್ಬರ ಕಣ್ಣಲ್ಲೂ ನೀರು. ಇಂಥ ಸ್ನೇಹವನ್ನು ನಾನು ಮುಂಚೆ ಕಂಡಿರಲಿಲ್ಲ.

ಸಂಜೆ ನಾಲ್ಕು ಅಂಗಿಗಾಗುವಷ್ಟು ಹಸಿರು ಬಟ್ಟೆ ತಂದು ಹೆಂಡತಿಯ ಮೆಷಿನ್ನಿನ ಮೇಲಿಟ್ಟೆ.

"ಯಾರಿಗ್ರೀ ಇದು?"

"ನನಗೆ."

ಅವಳು ಬಟ್ಟೆ ಬಿಡಿಸಿ ನನ್ನ ಕತ್ತಿನ ಕೆಳಗೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. "ರೀ, ಹಸಿರು ನಿಮಗಾಗಲ್ಲ. ಬೇಕಾದ್ರೆ ಕಡುಗೆಂಪಲ್ಲಿ ಹೊಲಿದುಕೊಡ್ತೀನಿ, ಲಕ್ಷಣವಾಗಿರತ್ತೆ."

"ಹೊಲಿ ಅಂದ್ರೆ ಹೊಲಿ. ಕಾರ್ಖಾನೆ ವಿಚಾರ ನಿನಗೆ ಗೊತ್ತಾಗಲ್ಲ" ಎಂದೆ.

ಹೊಲಿದಳು. ಕಾಲರಿಗೆ ಒಳಗಿಂದ ಎರಡು ಪಟ್ಟು ಬಟ್ಟೆ ಕೊಟ್ಟು, ಗುಂಡಿಗಳಿಗೆ ನಾಲ್ಕು ಸುತ್ತು ದಾರ ಹಾಕಿ, ಅವಳು ಹೊಲಿದವುಗಳಲ್ಲೇ ಚೆಂದದ ನಾಲ್ಕು ಅಂಗಿ ಅವು.

ಉದ್ದಣ್ಣನ ಪೌಡರಿನ ವಿಷಯ ಹೇಳಿಬಿಡುತ್ತೇನೆ. ಉದ್ದಣ್ಣ ಸುಣ್ಣದಷ್ಟು ಬಿಳುಪು, ನಾನು ಚೆನ್ನಾಗಿ ಕಾದ ಹೆಂಚು. ಅವನ ಪೌಡರು ನನ್ನ ಮುಖದ ಮೇಲೆ ಕೂತಾಗ ಹೆಂಚಿನ ಮೇಲೆ ಬೂದಿ ಚೆಲ್ಲಿದಂತಾಯಿತು. ಕೆಳಗೆ ಹಸಿರು ಅಂಗಿ. ಕನ್ನಡಿಯಲ್ಲಿ ನೋಡಿಕೊಂಡು, ಹೊಸದು, ಅಭ್ಯಾಸವಾದರೆ ಸರಿಹೋಗುತ್ತದೆ ಎಂದುಕೊಂಡೆ.

ಮೂರನೇ ದಿನ ಎದುರುಮನೆಯಲ್ಲಿ ಮಗನ ಜೊತೆ ಇರುವ ರಿಟೈರ್ಡ್ ಕಾಂಪೌಂಡರು ಗೇಟಿನಲ್ಲಿ ನನ್ನನ್ನು ತಡೆದು, ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಎಳೆದು ನೋಡಿದರು.

"ಎಷ್ಟು ದಿನ ಆಯ್ತು?"

"ಏನು?"

"ಅದೇ, ಇದು" ಎಂದು ನನ್ನ ಮುಖದ ಸುತ್ತ ಬೆರಳಾಡಿಸಿದರು.

ಅಂಗಿಯ ವಿಷಯ ಎಂದುಕೊಂಡೆ. "ಮೂರು ದಿನ ಆಯ್ತು ಸಾರ್."

"ಮೂರೇ ದಿನದಲ್ಲಿ ಇಷ್ಟಾ?" ಎಂದವರೇ ಸರಕ್ಕನೆ ಚಪ್ಪಲಿ ಮೆಟ್ಟಿ ಹೊರಟರು. ಅವರು ಮೊದಲ ಸಾಲು ಮುಗಿಸುವಷ್ಟರಲ್ಲಿ ನನ್ನ ಯಕೃತ್ತು ಹೋಗಿತ್ತು. ಎರಡನೇ ಸಾಲಿನಲ್ಲಿ ಮೂತ್ರಪಿಂಡವೂ ಸೇರಿತು. ಸಂಜೆಗೆ ನನ್ನ ಹತ್ತಿರ ಹೃದಯವೊಂದೇ ಉಳಿದಿತ್ತು, ಅದನ್ನೂ ಕಾಂಪೌಂಡರು "ಹೇಳೋಕಾಗಲ್ಲ" ಎಂದು ಇಟ್ಟಿದ್ದರು.

ಮರುದಿನದಿಂದ ಜನ ಬರತೊಡಗಿದರು. ಬಾಗಿಲಲ್ಲಿ ನಗುತ್ತಾ ಬರುವುದು, ನನ್ನನ್ನು ನೋಡುವುದು, ಸದ್ದಿಲ್ಲದೆ ಕೂರುವುದು. ಮೂಲೆಮನೆಯಾಕೆ ನನಗೆ ಕೇಳದಂತೆ ನನ್ನ ಹೆಂಡತಿಗೆ ಹೇಳಿದ ಮಾತು ಕಾರ್ಖಾನೆಯ ಗೇಟಿನವರೆಗೂ ಕೇಳುವಂತಿತ್ತು. "ಧೈರ್ಯ ತಂದ್ಕೊಳ್ಳಿ. ನಮ್ಮ ಚಿಕ್ಕಪ್ಪನೂ ಕೊನೇಲಿ ಇದೇ ಬಣ್ಣಕ್ಕೆ ತಿರುಗಿದ್ರು."

ಊರಿಂದ ನನ್ನ ಭಾವಮೈದ ಬಂದ. ಹತ್ತು ವರ್ಷದಿಂದ ನನ್ನೊಡನೆ ಮುಖಕೊಟ್ಟು ಮಾತಾಡದವನು ನನ್ನ ಕಾಲ ಬುಡದಲ್ಲೇ ಕೂತು ಪಾದ ಒತ್ತತೊಡಗಿದ.

"ಭಾವ, ಆದದ್ದೆಲ್ಲ ಮರೆತುಬಿಡಿ. ಮನಸ್ಸಲ್ಲಿ ಏನಾದ್ರೂ ಆಸೆ ಇದ್ರೆ ಹೇಳಿ. ನಾನು ನಡೆಸಿಕೊಡ್ತೀನಿ."

ನಾನು ಯೋಚಿಸಿ, "ಒಂದು ಹಸಿರು ಪ್ಯಾಂಟು" ಎಂದೆ.

ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದ.

ನಿಜ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳುವುದು ಸ್ವಾಮಿ? ನನಗೆ ಕೆಂಪು ಬಿತ್ತು, ಮೋಸ ಮಾಡಿ ಹಸಿರಾಗಿದ್ದೇನೆ ಎಂದು ಕಾಂಪೌಂಡರ ಕಿವಿಗೆ ಬಿದ್ದರೆ ಮ್ಯಾನೇಜರಿಗೆ ಮುಟ್ಟಲು ಐದು ನಿಮಿಷ ಸಾಕು. ಮೂರು ವಾರ ಕಳೆಯಲಿ ಎಂದು ಬಾಯಿ ಬಿಗಿಹಿಡಿದೆ. ಈ ಕಡೆ ಸಿಕ್ಕಿಬೀಳುವ ಭಯಕ್ಕೆ ಗಂಟಲಲ್ಲಿ ಅನ್ನ ಇಳಿಯದು. ಆ ಕಡೆ ಕಾಂಪೌಂಡರ ಅಪ್ಪಣೆಯ ಮೇಲೆ ಉಪ್ಪಿಲ್ಲದ, ಎಣ್ಣೆಯಿಲ್ಲದ ಸಪ್ಪೆ ಊಟ. ಬೆಲ್ಟಿಗೆ ಒಂದು ತೂತು ಹೊಸದಾಗಿ ಕೊರೆದೆ, ಆಮೇಲೆ ಇನ್ನೊಂದು.

ಒಂದು ಮಧ್ಯಾಹ್ನ ಅಡುಗೆಮನೆಗೆ ನೀರಿಗೆ ಹೋದರೆ ಹೆಂಡತಿ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಕಣ್ಣೊರಸಿಕೊಂಡು, "ಈರುಳ್ಳಿ" ಎಂದಳು. ಎದುರಿಗೆ ಈರುಳ್ಳಿಯೂ ಇಲ್ಲ, ಚಾಕುವೂ ಇಲ್ಲ. ಆಗಲೇ ಹೇಳಬೇಕಿತ್ತು. ಇನ್ನು ಎಂಟೇ ದಿನ, ಮನೆ ಉಳಿಸಿಕೊಟ್ಟ ಮೇಲೆ ಹೇಳಿದರೆ ನಕ್ಕುಬಿಡುತ್ತಾಳೆ ಎಂದುಕೊಂಡು ನೀರು ಕುಡಿದು ಬಂದೆ. ಬುದ್ಧಿಗೇಡಿ ನಾನು.

ಆ ದಿನ ಬಂತು. ಶೋರೂಮಿನ ಹೊಸ ದೀಪಗಳ ಕೆಳಗೆ ಮ್ಯಾನೇಜರು ಕೂತಿದ್ದರು. ಮೊದಲು ಹಳದಿ ಸೀರೆಯಲ್ಲಿ ಕನ್ನಡಕದಕ್ಕ ಹೋದಳು. ಹೊರಗೆ ಬಂದು, "ಬಿಲ್ಲಿನ ಮೇಜು ಕೊಟ್ರು. ಎರಡನೇ ದರ್ಜೇನೂ ತಗೋತಾರೆ ಕಣ್ರೋ!" ಎಂದಳು. ನನಗೆ ಧೈರ್ಯ ಬಂತು. ಹಳದಿಗೇ ಜಾಗವಿದ್ದರೆ ಹಸಿರಿಗೆ ಕೇಳಬೇಕೆ?

ಆಮೇಲೆ ಉದ್ದಣ್ಣ. ಸುಣ್ಣದಂಥ ಮೈಗೆ ಕಡುಗೆಂಪು ಅಂಗಿ, ಮುಖಕ್ಕೆ ನನ್ನ ಕಂದು ಪೌಡರು. ಈಗಷ್ಟೇ ಯಾರನ್ನೋ ಹೊಡೆದು ಬಂದವನಂತೆ, ಇನ್ನೊಬ್ಬರನ್ನು ಹುಡುಕುತ್ತಿರುವವನಂತೆ ಕಾಣುತ್ತಿದ್ದ. ಎರಡು ನಿಮಿಷಕ್ಕೆ ಹೊರಬಂದು ಗೋಡೆಗೆ ಒರಗಿದ. "ಹೋಯ್ತು. ನನ್ನ ಮೀನು ಹೋಯ್ತು. ಗಿರಾಕಿಗಳ ಎದುರಿಗೆ ನಿಲ್ಲೋ ಮುಂದಿನ ಮೇಜು ಕೊಟ್ಬಿಟ್ರು. ಒಳ್ಳೆ ಗಟ್ಟಿ ಮನುಷ್ಯ, ಯಾರೂ ಚೌಕಾಸಿ ಮಾಡಲ್ಲ ಅಂದ್ರು."

ಇಬ್ಬರಿಗೂ ಆಯಿತು. ಇದ್ದದ್ದು ಎರಡು ಜಾಗ. ಆದರೂ ಹಸಿರಿಗೆ ಏನೋ ದೊಡ್ಡದೇ ಇಟ್ಟಿರಬೇಕು ಎಂದುಕೊಂಡು ಅಂಗಿ ಎಳೆದುಕೊಂಡು ಒಳಗೆ ಹೋದೆ.

ಮ್ಯಾನೇಜರು ಎದ್ದು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಅವರು ನನಗಾಗಿ ಎದ್ದದ್ದು ಅದೇ ಮೊದಲು. "ನಿಧಾನ, ನಿಧಾನ. ಕುರ್ಚಿ ಹಿಡ್ಕೊಳ್ಳಿ. ನೀವು ಬರೋದೇ ಬೇಡವಾಗಿತ್ತು, ಹೇಳಿ ಕಳಿಸಿದ್ರೆ ನಾನೇ ಮನೆಗೆ ಬರ್ತಿದ್ದೆ."

"ನನಗೇನೂ ಆಗಿಲ್ಲ ಸಾರ್."

"ಮನಸ್ಸು ಹೀಗೇ ಗಟ್ಟಿಯಾಗಿರಬೇಕು" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. "ವಿಧಿ ನೋಡಿ. ಮುಂದಿನ ಮೇಜಿಗೆ ನಿಮ್ಮನ್ನೇ ಅಂದ್ಕೊಂಡಿದ್ದೆ. ಆದ್ರೆ ಬಣ್ಣದ ಮೇಡಂ ಬರೆದುಕೊಟ್ಟಿದ್ದಾರೆ, ಮೂವರಲ್ಲಿ ಕೆಂಪಿನ ಕಾರ್ಡಿನವರ ಮುಖವೇ ಎಲ್ಲಕ್ಕಿಂತ ಮೇಲು ಅಂತ. ಹಾಗಾಗಿ ಉದ್ದಣ್ಣನಿಗೆ..."

ನಾನು ಹಿಡಿದ ಕುರ್ಚಿ ಬಿಟ್ಟೆ. "ಸಾರ್! ಅದು ನಾನು!"

"ಯಾವುದು?"

"ಕೆಂಪು! ಕೆಂಪು ನಾನೇ ಸಾರ್!"

ಮ್ಯಾನೇಜರು ನನ್ನ ಅಂಗಿಯನ್ನು ನೋಡಿದರು, ಕಾಲರಿಂದ ಕೊನೆಯ ಗುಂಡಿಯವರೆಗೆ. "ಆಯ್ತು, ಆಯ್ತು. ನೀವು ಕೆಂಪು. ಯಾರಲ್ಲಿ, ಸ್ವಲ್ಪ ನೀರು ತನ್ನಿ, ಬೇಗ!"

ಉದ್ದಣ್ಣನನ್ನು ಕರೆಸಿದೆ. ಅವನು ಸುಳ್ಳು ಹೇಳಲಿಲ್ಲ. "ಹೌದು ಸಾರ್, ಆ ಕಾರ್ಡು ಅವರದ್ದೇ. ಕೆಲಸ ಅವರಿಗೇ ಕೊಡಿ. ನನ್ನನ್ನು ದಯವಿಟ್ಟು ಮನೆಗೆ ಕಳಿಸಿ" ಎಂದು ಕೈಮುಗಿದ.

ಮ್ಯಾನೇಜರು ಅವನ ಮುಗಿದ ಕೈ ಹಿಡಿದುಕೊಂಡರು. "ನೋಡ್ರಪ್ಪಾ, ಸ್ನೇಹ ಅಂದ್ರೆ ಇದು! ಕಾಯಿಲೆಯವರ ಸಮಾಧಾನಕ್ಕೆ ತನ್ನ ಅನ್ನವನ್ನೇ ಬಿಟ್ಟುಕೊಡ್ತಿದ್ದಾರೆ. ಇಂಥವರನ್ನ ಬಿಟ್ಟರೆ ಕಾರ್ಖಾನೆಗೆ ಒಳ್ಳೇದಾಗತ್ತಾ?" ಎಂದು ಅಲ್ಲೇ ಅವನ ಕಾಗದಕ್ಕೆ ರುಜು ಹಾಕಿಬಿಟ್ಟರು. ಉದ್ದಣ್ಣ ಹೋ ಎಂದು ಅತ್ತ. ಅದನ್ನು ನೋಡಿ ಅವರೂ ಅತ್ತರು.

ನಾನು ಬಿಡಲಿಲ್ಲ. ಬಣ್ಣದ ಮೇಡಂ ಬರಲಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಅವರೇ ನೋಡಿ ಹೇಳಲಿ ಎಂದು ಹಟ ಹಿಡಿದೆ. ಕಾಯಿಲೆಯವನ ಕೊನೆಯ ಆಸೆ ಎಂದು ಮ್ಯಾನೇಜರು ಮರುದಿನ ಅವರನ್ನು ಕರೆಸಿದರು. ನಾನು ಮುಖ ತಿಕ್ಕಿ ತೊಳೆದುಕೊಂಡು ಅದೇ ದೀಪದ ಕೆಳಗೆ ಕೂತೆ. ಪಕ್ಕದಲ್ಲಿ ಯಂತ್ರ ಕೆಲಸ ಶುರು ಮಾಡಿತ್ತು.

ಮೇಡಂ ನನ್ನನ್ನು ನೋಡಿ, "ಇವರನ್ನ ನಾನು ಮುಂಚೆ ನೋಡಿಲ್ವಲ್ಲ" ಎಂದರು.

"ನಾನೇ ಮೇಡಂ! ಮುಖಕ್ಕೆ ಜೀವ ಬಂತು ಅಂದ್ರಲ್ಲ! ಹೀಗಿರಬೇಕು ಮುಖ ಅಂದ್ರಲ್ಲ!"

ಕಡುಗೆಂಪು ಬಟ್ಟೆಯನ್ನು ಗಲ್ಲದ ಕೆಳಗೆ ಹರವಿದರು. ಬಟ್ಟೆ ಕೊಂಚ ಮೇಲೆತ್ತಿದರು, ಇಳಿಸಿದರು. ಮೂರು ವಾರ ಅನ್ನ ನಿದ್ದೆ ಬಿಟ್ಟ ನನ್ನ ಕೆನ್ನೆ ಇಳಿದು, ಕಣ್ಣ ಸುತ್ತ ಕಪ್ಪು ಕಟ್ಟಿ, ಚರ್ಮ ಜೋತುಬಿದ್ದಿತ್ತು. ಒಂದೊಂದಾಗಿ ಎಲ್ಲ ಬಣ್ಣ ಹರವಿದರು. ಆಮೇಲೆ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿಕೊಂಡು, "ಸದ್ಯಕ್ಕೆ ಇವರಿಗೆ ಯಾವುದೂ ಒಪ್ಪಲ್ಲ ಸಾರ್" ಎಂದರು. ಈ ಸಲ ಒಂದೂ ಹೊಗಳಿಕೆಯ ಮಾತಿಲ್ಲ, ಅದಕ್ಕೇ ನಾನು ನಂಬಿದೆ.

ಕಾರ್ಖಾನೆಯ ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ನಾಲಿಗೆ ನೋಡಿದರು. "ಏನೂ ಸಿಗ್ತಿಲ್ಲ. ಅದೇ ನನಗೆ ಭಯ" ಎಂದು ಬರೆದರು. ಮಾರನೆಯ ದಿನ ಕಾಗದ ಬಂತು. ಹತ್ತೊಂಬತ್ತು ವರ್ಷದ ನಿಷ್ಠಾವಂತ ಸೇವೆ, ಆರೋಗ್ಯದ ದೃಷ್ಟಿಯಿಂದ ಪೂರ್ಣ ವಿಶ್ರಾಂತಿ, ಆದಷ್ಟು ಬೇಗ ಗುಣಮುಖರಾಗಲೆಂದು ಹಾರೈಕೆ. ಕೊನೆಯ ಸಾಲಿನಲ್ಲಿ ಮನೆ ಬಿಡುವ ತಾರೀಕು.

ಕಾಗದ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಹೆಂಡತಿ ಮೆಷಿನ್ನಿನ ಮುಂದೆ ಕೂತಿದ್ದಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಒಳ್ಳೆಯ ಸುದ್ದಿಯಿಂದಲೇ ಶುರು ಮಾಡಿದೆ.

"ನನಗೆ ಕಾಯಿಲೆ ಇಲ್ಲ ಕಣೇ."

"ಏನಂದ್ರಿ?"

"ಏನೂ ಇಲ್ಲ. ಆ ಅಂಗಿ, ಆ ಪೌಡರು, ಅಷ್ಟೇ. ಡಾಕ್ಟರೂ ನೋಡಿದ್ರು."

ಅವಳು ಎದ್ದು ಬಂದು ನನ್ನ ಎರಡೂ ಕೆನ್ನೆ ಹಿಡಿದು ನೋಡಿದಳು. ಆಮೇಲೆ ನನ್ನ ಎದೆಗೆ ತಲೆಯಿಟ್ಟು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಎರಡೂ ಇತ್ತು. "ಹಾಳಾದ್ದು ಆ ಅಂಗೀನ ಒಲೆಗೆ ಹಾಕ್ತೀನಿ! ಆಗಲ್ಲ, ಆಗಲ್ಲ ಅಂತ ಬಡ್ಕೊಂಡೆನಲ್ರೀ! ಮತ್ಯಾಕೆ ಹಾಕ್ಕೊಂಡ್ರಿ?"

ಹೇಳಿದೆ. ಸ್ಟಿಕ್ಕರಿನಿಂದ ಹಿಡಿದು ಎಲ್ಲವನ್ನೂ ಹೇಳಿ ಕಾಗದ ಕೊಟ್ಟೆ. ಅವಳು ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳೆಂದು ಕಾಣುತ್ತದೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ ಅಳತೆ ಪುಸ್ತಕಗಳನ್ನು, ಕತ್ತರಿಸಿಟ್ಟ ಬಟ್ಟೆಗಳ ಗಂಟುಗಳನ್ನು ನೋಡಿದಳು.

"ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದಳು.

ನಾನು ಕಾಗದ ಇಸಿದುಕೊಂಡು ಮಡಚುತ್ತಾ, ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಅಷ್ಟರಲ್ಲಿ ಮೂಲೆಮನೆಯ ಮಗಳು ಒಂದು ಬಟ್ಟೆ ಹಿಡಿದು ಬಾಗಿಲಿಗೆ ಬಂದಳು. "ಆಂಟಿ, ಅಕ್ಕನ ಮದುವೆಗೆ ತಗೊಂಡೆ. ಈ ಬಣ್ಣ ನನಗೆ ಒಪ್ಪತ್ತಾ, ನೋಡಿ ಹೇಳಿ."

ಹೆಂಡತಿ ಬಟ್ಟೆ ಬಿಡಿಸಿ ಹುಡುಗಿಯ ಗಲ್ಲದ ಕೆಳಗೆ ಹಿಡಿದು, ಕಿಟಕಿಯ ಕಡೆ ತಿರುಗಿಸಿ, ಯಾವತ್ತಿನಂತೆ ತಲೆ ಓರೆ ಮಾಡಿ ನೋಡಿದಳು. "ತುಂಬಾ ಒಪ್ಪತ್ತೆ. ಕತ್ತಿನ ಹತ್ರ ತೆಳು ಅಂಚು ಕೊಡಿಸ್ಕೋ. ಆದ್ರೆ ಹೊಲಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋಮ್ಮ. ಮುಂದಿನ ತಿಂಗಳು ನಾವಿಲ್ಲಿ ಇರಲ್ಲ."

"ಅಯ್ಯೋ, ಯಾಕೆ ಆಂಟಿ?" ಎಂದ ಹುಡುಗಿಯ ಕಣ್ಣು ಮೆಲ್ಲಗೆ ನನ್ನ ಕಡೆ ಹೊರಳಿತು. ದನಿ ತಗ್ಗಿತು. "ಅಂಕಲ್‌ಗೆ ಜಾಸ್ತಿ ಆಯ್ತಾ?"

ಹೆಂಡತಿ ನನ್ನನ್ನು ನೋಡಿದಳು. ಇಡೀ ಕ್ವಾರ್ಟರ್ಸಿಗೆ ನನ್ನ ಕಥೆ ಹೇಳಿ ನಗಿಸುವುದಕ್ಕೆ ಅವಳು 'ಇಲ್ಲ' ಎಂದು ಶುರು ಮಾಡಿದ್ದರೆ ಸಾಕಿತ್ತು.

"ಹೂಂ ಕಣಮ್ಮ" ಎಂದಳು. "ತುಂಬಾ ಜಾಸ್ತಿ ಆಗಿದೆ."

ನಾನು ಹುಡುಗಿಗೆ ಕಾಣುವ ಹಾಗೆ ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಒಳಗೆ ಹೋಗಿ ಮಲಗಿದೆ.